ಮೋಲ್ಡ್ ದಿನ ಪೈಪ್ ಮೇಸ್ತ್ರಿ ಕೈಗೂ ಕೊಡ್ಬೇಡಿ, ನೀವೂ ಹಿಡೀಬೇಡಿ

ಮೋಲ್ಡ್, ಅಂದ್ರೆ ಛಾವಣಿಗೆ ಕಾಂಕ್ರೀಟ್, ಹಾಕೋ ದಿನ ಸೈಟಿಗೆ ಹೋದ್ರೆ ನಾನು ಮೊದ್ಲು ನೋಡೋದು ನೀರಿನ ಪೈಪ್ ಯಾರ ಕೈಲಿದೆ ಅಂತ. ಕಂಬಿ, ಸೆಂಟ್ರಿಂಗ್ ಎಲ್ಲ ಹಿಂದಿನ ದಿನವೇ ನೋಡಿರ್ತೀವಿ, ಅದು ಬಿಡಿ. ತಲೆಕೆಡಿಸೋದು ಕಾಂಕ್ರೀಟಿಗೆ ಇನ್ನಷ್ಟು ನೀರು ಸುರಿ ಅನ್ನೋ ಒಂದೇ ಮಾತು: "ಸ್ವಲ್ಪ ಲೂಸ್ ಮಾಡಪ್ಪ, ಚೆನ್ನಾಗಿ ಹರೀಲಿ."

ಸಿಮೆಂಟ್ ಮೂಟೆ 50 ಕೆಜಿ. ನೀರಿನ ಅನುಪಾತ (ಸಿಮೆಂಟಿನ ತೂಕಕ್ಕೆ ಎಷ್ಟು ನೀರು ಅನ್ನೋದು) 0.5 ಅಂತ ಇಂಜಿನಿಯರ್ ಕೊಟ್ಟಿದ್ರೆ ಮೂಟೆಗೆ 25 ಲೀಟರ್, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಒದ್ದೆ ಇದ್ರೆ ಅದರಲ್ಲಿರೋ ನೀರೂ ಇದೇ ಲೆಕ್ಕಕ್ಕೆ. ನಿಜ ಹೇಳ್ಬೇಕಂದ್ರೆ ಸಿಮೆಂಟಿಗೆ ಇಷ್ಟೂ ಬೇಡ, 0.38 ಆಸುಪಾಸು ಸಾಕು, ಮಿಕ್ಕಿದ್ದು ಹರಡೋಕೆ ಸಲೀಸಾಗ್ಲಿ ಅಂತ. ಅದ್ರ ಮೇಲೆ ಇನ್ನೊಂದು ಬಕೆಟ್ ಸುರಿದ್ರೆ ಆ ನೀರು ಒಳಗೆ ಸುಮ್ನೆ ಜಾಗ ಹಿಡ್ಕೊಂಡು ಕೂತಿದ್ದು ಆಮೇಲೆ ಆವಿಯಾಗಿ ಹೋಗುತ್ತೆ, ಕೂತಿದ್ದ ಜಾಗ ತೂತಾಗಿ ಉಳಿಯುತ್ತೆ. ಕಣ್ಣಿಗೆ ಕಾಣಲ್ಲ. ಆದ್ರೆ ಮಳೆನೀರಿಗೆ ಅಷ್ಟು ಸಾಕು, ಇಳಿದು ಕಂಬಿ ಮುಟ್ಟುತ್ತೆ, ಕಂಬಿ ತುಕ್ಕು ಹಿಡಿದು ಉಬ್ಬುತ್ತೆ, ಉಬ್ಬಿದ್ರೆ ಸೀಲಿಂಗ್ ಚಕ್ಕೆ ಚಕ್ಕೆಯಾಗಿ ಉದುರುತ್ತೆ, ಆಗ ನಮಗೆ ಫೋನ್ ಬರುತ್ತೆ "ಯಾವ ವಾಟರ್‌ಪ್ರೂಫಿಂಗ್ ಬಳೀಲಿ ಸಾರ್" ಅಂತ!

ಇಷ್ಟು ಧಾರಾಳವಾಗಿ ನೀರು ಸುರಿಯೋರೇ ಕ್ಯೂರಿಂಗ್‌ಗೆ, ಅಂದ್ರೆ ಹಾಕಿದ ಕಾಂಕ್ರೀಟನ್ನ ದಿನಗಟ್ಟಲೆ ಒದ್ದೆಯಾಗಿಡೋಕೆ, ಜಿಪುಣರು. ರಿಟೈರ್ಡ್ ಮೇಷ್ಟ್ರೊಬ್ರು, ಕೆಲಸದವರಿಗೆಲ್ಲ ತಾವೇ ಟೀ ಸೋಸಿ ಕೊಡೋ ಒಳ್ಳೆ ಮನುಷ್ಯ, ಮೋಲ್ಡ್ ದಿನ ಎರಡು ಟ್ಯಾಂಕರ್ ತರಿಸಿದ್ರು, ನಾಲ್ಕನೇ ದಿನಕ್ಕೆ ಹೋದ್ರೆ ನೀರು ನಿಲ್ಲಿಸೋಕೆ ಮೇಲೆ ಕಟ್ಟಿದ್ದ ಗಾರೆ ಕಟ್ಟೆ ಒಣಗಿ ಬಿರುಕು ಬಿಟ್ಟಿದೆ. "ಗಟ್ಟಿಯಾಗಿದೆಯಲ್ಲ ಸಾರ್" ಅಂದ್ರು. ಮೇಲೆ ನಡೆದಾಡೋವಷ್ಟು ಗಟ್ಟಿ ಆಗಿರುತ್ತೆ ಮೇಷ್ಟ್ರೇ, ಒಳಗೆ ಸಿಮೆಂಟಿನ ಕೆಲಸ ಇನ್ನೂ ನಡೀತಿರುತ್ತೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾದಾ ಸಿಮೆಂಟ್ ಓಪಿಸಿಗೆ ಕನಿಷ್ಠ 7 ದಿನ, ಈಗ ಎಲ್ರೂ ತರೋ, ಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ 10, ಬಿಸಿಲು ಜೋರಿದ್ರೆ ನಾನು 14 ಅಂತೀನಿ.

2024ರ ಮಾರ್ಚಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರನ್ನ ಕಟ್ಟಡಕ್ಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂದಾಗ ಎಷ್ಟೋ ಜನ ಕ್ಯೂರಿಂಗನ್ನೇ ಬಿಟ್ಟರು. ಸಂಸ್ಕರಿಸಿದ ನೀರಿದೆಯಲ್ಲ ಸ್ವಾಮಿ, ಟೆಸ್ಟ್ ರಿಪೋರ್ಟ್ ನೋಡಿ ಬಳಸಿ. ಬೋರ್ ನೀರಿಗೂ ಅಷ್ಟೇ, ಕಂಬಿ ಇರೋ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಹರಿಯೋ ಹಂಗೆ ಬೇಕೇ ಬೇಕು ಅಂದ್ರೆ ನೀರು ಹೆಚ್ಚಿಸದೆ ಕಾಂಕ್ರೀಟ್ ಸಲೀಸಾಗಿ ಹರಿಯೋ ಹಂಗೆ ಮಾಡೋ ದ್ರಾವಣ, ಪ್ಲಾಸ್ಟಿಸೈಜರ್ ಇದೆ, ಆದ್ರೆ ಡೋಸ್ ನಿಮ್ಮ ಇಂಜಿನಿಯರ್ ಹೇಳಿದಷ್ಟೇ, ಇದನ್ನ ಓದ್ಕೊಂಡು ನೀವೇ ಕ್ಯಾನ್ ಬಗ್ಗಿಸ್ಬೇಡಿ.