ಛೇದನ ಗಣ: ಎರಡೂ ಕಡೆ ಇರುವವರ ಲೆಕ್ಕ

ಎರಡು ಗುಂಪುಗಳಿವೆ, ಕೆಲವರು ಎರಡರಲ್ಲೂ ಇದ್ದಾರೆ. ಆ ಕೆಲವರದ್ದೇ ಛೇದನ ಗಣ. ಒಂದರಲ್ಲಾದರೂ ಇರುವವರನ್ನೆಲ್ಲ ಸೇರಿಸಿದರೆ ಸಂಯೋಗ ಗಣ. ಎರಡು ವೃತ್ತಗಳು ಸ್ವಲ್ಪ ಒಂದರ ಮೇಲೊಂದು ಬಂದಿರುವ ವೆನ್ ಚಿತ್ರದಲ್ಲಿ ನಡುವಿನ ಭಾಗವೇ ಛೇದನ. ಇಂಥ ಚಿತ್ರಗಳ ಬಗ್ಗೆ 1880ರಲ್ಲಿ ಲೇಖನ ಬರೆದ ಜಾನ್ ವೆನ್ ಅವರ ಹೆಸರೇ ಅವಕ್ಕೆ ಉಳಿದುಕೊಂಡಿತು.

ಸೂತ್ರ ಚಿಕ್ಕದು. ಎರಡೂ ಗುಂಪುಗಳನ್ನು ಕೂಡಿಸಿ, ಛೇದನವನ್ನು ಒಮ್ಮೆ ಕಳೆಯಿರಿ. ಕೂಡಿಸುವಾಗ ನಡುವಿನವರು ಎರಡು ಸಲ ಎಣಿಕೆಯಾಗಿರುತ್ತಾರೆ, ಅದಕ್ಕೆ.

ಶೇಕಡಾ ಲೆಕ್ಕ ಬಂದರೆ ಒಟ್ಟನ್ನು ಸುಮ್ನೆ 100 ಅಂದುಕೊಳ್ಳಿ. ಶೇ. 60 ಜನರಿಗೆ ಚೆಸ್ ಬರುತ್ತದೆ, ಶೇ. 45 ಜನರಿಗೆ ಈಜು ಬರುತ್ತದೆ, ಶೇ. 20 ಜನರಿಗೆ ಎರಡೂ ಬರುವುದಿಲ್ಲ. ಹಾಗಾದರೆ ಒಂದಾದರೂ ಬಲ್ಲವರು ಶೇ. 80. 60 ಮತ್ತು 45 ಕೂಡಿದರೆ 105. ಹೆಚ್ಚಾದ 25 ಇದೆಯಲ್ಲ, ಅದೇ ಛೇದನ. ಚೆಸ್ ಮಾತ್ರ ಬಲ್ಲವರು ಶೇ. 35. ಇವರು 42 ಜನ ಎಂದು ಕೊಟ್ಟಿದ್ದರೆ ಒಟ್ಟು 120. ಇಲ್ಲಿ ಆ ‘ಮಾತ್ರ’ವನ್ನು ಗಮನಿಸದೆ 42ನ್ನು ಶೇ. 60ಕ್ಕೆ ಹೊಂದಿಸಿದರೆ ಒಟ್ಟು 70 ಬಂದುಬಿಡುತ್ತದೆ. ಅನುಮಾನವೇ ಬರದಷ್ಟು ನೀಟಾದ ತಪ್ಪು ಉತ್ತರ!

ಭಿನ್ನರಾಶಿ ಬಂದಾಗ ಕಷ್ಟ ಜಾಸ್ತಿ ಅನಿಸುವುದು ಭಿನ್ನರಾಶಿಯಿಂದಲ್ಲ. ಅದು ಯಾರ ಭಾಗ ಅನ್ನುವುದರಿಂದ. ಇದನ್ನು ನೋಡಿ: ಚೆಸ್ ಬಲ್ಲವರಲ್ಲಿ 1/3 ಜನರಿಗೆ ಈಜೂ ಬರುತ್ತದೆ, ಈಜು ಬಲ್ಲವರಲ್ಲಿ 1/4 ಜನರಿಗೆ ಚೆಸ್ಸೂ ಬರುತ್ತದೆ, ಒಟ್ಟು ಜನರಲ್ಲಿ 1/4 ಭಾಗಕ್ಕೆ ಎರಡೂ ಬರುವುದಿಲ್ಲ. ಎರಡು ಸಲ 1/4 ಬಂದಿದೆ, ಆದರೆ ಎರಡೂ ಒಂದೇ ಅಲ್ಲ. ಒಂದು ಈಜುಗಾರರ ಕಾಲುಭಾಗ, ಇನ್ನೊಂದು ಎಲ್ಲರ ಕಾಲುಭಾಗ.

ಇಲ್ಲಿ ಒಟ್ಟನ್ನು 100 ಅಂದುಕೊಂಡು ಹೊರಟರೆ ಸಿಕ್ಕಿಹಾಕಿಕೊಳ್ಳುತ್ತೀರಿ. ನಾನಾದರೆ ನಡುವಿನಿಂದ ಶುರು ಮಾಡುತ್ತೇನೆ. ಛೇದನ 1 ಪಾಲು ಎನ್ನಿ. ಚೆಸ್ ಬಲ್ಲವರು 3 ಪಾಲು, ಈಜು ಬಲ್ಲವರು 4 ಪಾಲು. ಕೂಡಿಸಿ ಒಂದು ಕಳೆದರೆ ಸಂಯೋಗ 6 ಪಾಲು. ಇದು ಒಟ್ಟಿನ 3/4, ಹಾಗಾಗಿ ಒಟ್ಟು 8 ಪಾಲು. ಜನ 96 ಇದ್ದರೆ ಒಂದು ಪಾಲು ಅಂದರೆ 12. ಎರಡೂ ಬಲ್ಲವರು 12 ಜನ, ಎರಡೂ ಬಾರದವರು 24 ಜನ. ಜನರನ್ನು ತುಂಡು ಮಾಡೋಕಾಗಲ್ಲ, ಅಲ್ವಾ? ಆದ್ದರಿಂದ ಈ ಲೆಕ್ಕದಲ್ಲಿ ಒಟ್ಟು ಸಂಖ್ಯೆ 8ರ ಗುಣಕವೇ ಆಗಿರಬೇಕು. ಬಹು ಆಯ್ಕೆ ಪ್ರಶ್ನೆಗಳಲ್ಲಿ ಇಷ್ಟರಿಂದಲೇ ಎಷ್ಟೋ ಸಲ ಎರಡು ಮೂರು ಉತ್ತರ ಹಾರಿಹೋಗುತ್ತವೆ.

ಎರಡೂ ಬಾರದವರು ಎಷ್ಟೆಂದು ಪ್ರಶ್ನೆಯಲ್ಲಿ ಹೇಳದಿದ್ದರೆ? ಆಗ ಛೇದನಕ್ಕೆ ಒಂದೇ ಉತ್ತರ ಇರುವುದಿಲ್ಲ, ಒಂದು ಮಿತಿ ಇರುತ್ತದೆ. ಶೇ. 70 ಮತ್ತು ಶೇ. 60 ಕೊಟ್ಟಿದ್ದರೆ ಛೇದನ ಕನಿಷ್ಠ ಶೇ. 30, ಏಕೆಂದರೆ ಸಂಯೋಗ 100 ದಾಟುವಂತಿಲ್ಲ. ಗರಿಷ್ಠ ಶೇ. 60, ಅಂದರೆ ಚಿಕ್ಕ ಗುಂಪು ಪೂರ್ತಿ ದೊಡ್ಡದರೊಳಗೆ ಸೇರಿಕೊಂಡಾಗ.