ಬಿಳಿ ರಕ್ತಕಣ ಇನ್ಸುಲಿನ್‌ಗಾಗಿ ಕಾಯುವುದಿಲ್ಲ

"ಡಾಕ್ಟ್ರೇ, ಬಿಳಿ ರಕ್ತಕಣಗಳಿಗೆ ಸಕ್ಕರೆಯೇ ಆಹಾರ ಅಂತೀರಿ. ನನ್ನ ರಕ್ತದಲ್ಲಿ ಅದು ಬೇಕಾದಷ್ಟಿದೆ. ಮತ್ತೆ ಈ ಗಾಯ ಯಾಕೆ ಮಾಯ್ತಿಲ್ಲ?"

ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬರುತ್ತಿದ್ದ ಮಧುಮೇಹಿಯೊಬ್ಬರು ಹೀಗೆ ಕೇಳಿದರು. ತುಂಬಾ ಒಳ್ಳೆಯ ಪ್ರಶ್ನೆ. ಅವತ್ತು ಕೊಟ್ಟ ಚುಟುಕು ಉತ್ತರ ಸಾಲದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಗ್ಲೂಕೋಸನ್ನು ಒಳಗೆ ಬಿಡುವ ಗ್ಲುಟ್ 4 ಎಂಬ ಪ್ರೋಟೀನ್ ಹೆಚ್ಚಾಗಿ ಕೋಶದೊಳಗೇ ಅಡಗಿರುತ್ತದೆ. ಇನ್ಸುಲಿನ್ ಕರೆದಾಗ ಹೊರಪೊರೆಗೆ ಬರುತ್ತದೆ. ಬಿಳಿ ರಕ್ತಕಣಗಳು ಮುಖ್ಯವಾಗಿ ಗ್ಲುಟ್ 1 ಮತ್ತು ಗ್ಲುಟ್ 3 ಬಳಸುತ್ತವೆ. ಇವುಗಳಿಗೆ ಇನ್ಸುಲಿನ್‌ನ ಅಪ್ಪಣೆ ಬೇಕಿಲ್ಲ.

ಲ್ಯಾಬ್‌ನಲ್ಲಿ ಇದು ದಿನವೂ ಕಾಣುತ್ತದೆ. ರಕ್ತವನ್ನು ಸಾದಾ ಟ್ಯೂಬಿನಲ್ಲಿ ಹಾಗೇ ಇಟ್ಟರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಗ್ಲೂಕೋಸ್ ಇಳಿಯುತ್ತದೆ. ಕೆಂಪು ಕಣ, ಬಿಳಿ ಕಣ ಎರಡೂ ಅದನ್ನು ತಿನ್ನುತ್ತಿರುತ್ತವೆ. ಬಿಳಿ ಕಣಗಳು ವಿಪರೀತ ಏರಿರುವ ರಕ್ತದ ಕ್ಯಾನ್ಸರ್‌ನಲ್ಲಂತೂ ರೋಗಿ ಆರಾಮಾಗಿ ಕೂತಿರುತ್ತಾರೆ, ರಿಪೋರ್ಟಿನಲ್ಲಿ ಮಾತ್ರ ಸಕ್ಕರೆ ಭಯಪಡುವಷ್ಟು ಕಡಿಮೆ! ಮೈಯಲ್ಲಿ ಸಕ್ಕರೆ ಇಳಿದಿಲ್ಲ, ಟ್ಯೂಬಿನಲ್ಲಿ ಇಳಿದಿದೆ.

ಹಾಗಾದರೆ ತೊಂದರೆ ಎಲ್ಲಿ? ಒಳಗೆ ಬಂದ ಗ್ಲೂಕೋಸ್ ಯಾವುದಕ್ಕೆ ಖರ್ಚಾಗುತ್ತದೆ ಎನ್ನುವುದರಲ್ಲಿ. ಗಾಯಕ್ಕೆ ಮೊದಲು ಓಡಿ ಬರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣದಲ್ಲಿ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಕಡಿಮೆ. ಆಮ್ಲಜನಕ ಇದ್ದರೂ ಅದು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಶಕ್ತಿ ಪಡೆಯುತ್ತದೆ. ಆಮ್ಲಜನಕ ಕಡಿಮೆ ಇರುವ ಕೀವಿನಲ್ಲಿ ಬದುಕಲು ಇದೇ ಅನುಕೂಲ. ಇನ್ನೊಂದು ಪಾಲು ಗ್ಲೂಕೋಸ್ ಬೇರೆ ದಾರಿ ಹಿಡಿದು ಎನ್‌ಎಡಿಪಿಎಚ್ ಎಂಬ ಅಣುವನ್ನು ತಯಾರಿಸುತ್ತದೆ. ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಸೂಪರ್‌ಆಕ್ಸೈಡ್ ತಯಾರಾಗುವುದು ಈ ಅಣುವಿನಿಂದಲೇ. ಆದರೆ ಸಕ್ಕರೆ ಅತಿಯಾದಾಗ ಒಂದಷ್ಟು ಗ್ಲೂಕೋಸ್ ಸಾರ್ಬಿಟಾಲ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಆ ಕೆಲಸಕ್ಕೂ ಎನ್‌ಎಡಿಪಿಎಚ್ ಬೇಕು. ಮದ್ದುಗುಂಡಿನ ದಾಸ್ತಾನು ಸುಮ್ನೆ ಕರಗಿದ ಹಾಗೆ. ಮಧುಮೇಹದಲ್ಲಿ ನ್ಯೂಟ್ರೋಫಿಲ್‌ಗಳ ಓಟ, ನುಂಗುವಿಕೆ, ಕೊಲ್ಲುವಿಕೆ ಮೂರೂ ಕುಂದುವುದಕ್ಕೆ ಇದೂ ಒಂದು ಕಾರಣ ಎಂದು ವಿವರಿಸುತ್ತಾರೆ.

ಹಾಗಂತ ಬಿಳಿ ಕಣಗಳಿಗೆ ಇನ್ಸುಲಿನ್ ಗೊತ್ತೇ ಇಲ್ಲ ಅಂತಲ್ಲ. ಮಾನೊಸೈಟ್ ಎಂಬ ಬಿಳಿ ಕಣಗಳ ಮೇಲೆ ಇನ್ಸುಲಿನ್ ಗ್ರಾಹಕಗಳಿವೆ, ಅಂದರೆ ಇನ್ಸುಲಿನ್ ಬಂದು ಅಂಟಿಕೊಳ್ಳುವ ಪ್ರೋಟೀನ್‌ಗಳು. 1970ರ ದಶಕದಲ್ಲಿ ಮನುಷ್ಯರ ಇನ್ಸುಲಿನ್ ಗ್ರಾಹಕಗಳನ್ನು ಅಧ್ಯಯನ ಮಾಡಲು ಇದೇ ಕಣಗಳನ್ನು ಬಳಸಿದರು, ಸೂಜಿ ಚುಚ್ಚಿದರೆ ಸಿಗುತ್ತವಲ್ಲ. ಸುಮ್ಮನಿರುವ ಟಿ ಕೋಶದಲ್ಲಿ (ಇದೂ ಒಂದು ಬಗೆಯ ಬಿಳಿ ಕಣ) ಈ ಗ್ರಾಹಕಗಳು ತೀರಾ ಕಡಿಮೆ. ಶತ್ರುವನ್ನು ಗುರುತಿಸಿ ಎಚ್ಚೆತ್ತಾಗ ಅವು ಹೆಚ್ಚುತ್ತವೆ. ನನಗೆ ಇನ್ನೂ ಸೋಜಿಗ ಎನ್ನಿಸುವುದು ಇದು: ಟಿ ಕೋಶದ ಸಿಡಿ28 ಗ್ರಾಹಕ ಪಿಐ3 ಕೈನೇಸ್ ಮತ್ತು ಎಕೆಟಿ ಎಂಬ ಪ್ರೋಟೀನ್‌ಗಳ ಮೂಲಕ ಗ್ಲುಟ್ 1 ಅನ್ನು ಹೊರಪೊರೆಗೆ ತರಿಸುತ್ತದೆ. ಸ್ನಾಯುವಿನಲ್ಲಿ ಇನ್ಸುಲಿನ್ ಬಳಸುವುದೂ ಇದೇ ದಾರಿಯನ್ನು.

ಅಂದರೆ ಆ ರೋಗಿಗೆ ಇನ್ಸುಲಿನ್ ಬೇಕಿದ್ದದ್ದು ಬಿಳಿ ಕಣಗಳಿಗೆ ಉಣಿಸಲು ಅಲ್ಲ. ಮುಖ್ಯವಾಗಿ, ಅವು ಈಜುತ್ತಿರುವ ರಕ್ತದ ಸಕ್ಕರೆ ಇಳಿಸಲು. ಸೋಂಕು ಇದ್ದಾಗ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ, ಇನ್ಸುಲಿನ್‌ನ ಕೆಲಸ ಮಂದವಾಗುತ್ತದೆ. ಊಟ ಕಡಿಮೆ ಮಾಡಿದರೂ ಸಕ್ಕರೆ ಏರುವುದು ಇದಕ್ಕೇ. ವಿಚಾರಿಸಿದಾಗ ತಿಳಿಯಿತು, ಊಟ ಸೇರುತ್ತಿಲ್ಲ ಅಂತ ಅವರು ನಾಲ್ಕು ದಿನದಿಂದ ಇನ್ಸುಲಿನ್ನೇ ತೆಗೆದುಕೊಂಡಿರಲಿಲ್ಲ. ಡ್ರೆಸ್ಸಿಂಗ್ ಅಲ್ಲಿಗೇ ನಿಲ್ಲಿಸಿ, ಮೊದಲು ಸಕ್ಕರೆ ಮತ್ತು ಕೀಟೋನ್ (ಇನ್ಸುಲಿನ್ ಸಾಲದಾದಾಗ ಕೊಬ್ಬು ಒಡೆದು ರಕ್ತದಲ್ಲಿ ತುಂಬಿಕೊಳ್ಳುವ ಅಪಾಯಕಾರಿ ವಸ್ತು) ಪರೀಕ್ಷೆ ಮಾಡಿಸಿದೆ.