ಮೊದಲು ನೆರಳು ನೋಡಿ, ಆಮೇಲೆ ಬಲ್ಬು

ಹೋದ ವರ್ಷದ ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿ ಹತ್ತಿರದ ಮನೆಯೊಂದಕ್ಕೆ ವೈರಿಂಗ್ ಕೆಲಸಕ್ಕೆ ಹೋಗಿದ್ದೆ. ರಾತ್ರಿ ಎಂಟರ ಸುಮಾರು. ಅಂಗಳದ ಚಪ್ಪರದಡಿ ಎಂಟು ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಯಜಮಾನರು ಆ ವರ್ಷವೇ 100 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ತಂದು ಮಾಡಿನ ಅಂಚಿಗೆ ಕಟ್ಟಿಸಿದ್ದರು. ದೂರದಿಂದ ನೋಡಿದರೆ ಅಂಗಳ ಹಾಡುಹಗಲಿನಂತಿತ್ತು. ಆದರೆ ಸುಲಿಯುವವರೆಲ್ಲ ಆ ದೀಪಕ್ಕೆ ಬೆನ್ನು ಮಾಡಿ ಕೂತಿದ್ದರು, ಬೆನ್ನು ಮಾಡಿದ್ದರಿಂದ ಅವರವರ ನೆರಳೇ ಅವರವರ ಕತ್ತಿಯ ಮೇಲೆ ಬಿದ್ದಿತ್ತು. ಮೂಲೆಯಲ್ಲಿದ್ದ ಅಜ್ಜಿ ನನ್ನನ್ನು ಕರೆದು ಹೇಳಿದರು: “ತಮಾ, ಬೆಳಕು ಕಣ್ಣಿಗೆ ಚುಚ್ತು, ಅಡಕೆ ಮಾತ್ರ ಕಾಣ್ತಿಲ್ಲೆ.”

ಇಷ್ಟು ವರ್ಷ ಕಾರವಾರದಿಂದ ಸಿದ್ದಾಪುರದವರೆಗೆ ದೀಪ ಹಾಕಿಕೊಂಡು ಬಂದ ನನಗೆ ಆ ಅಜ್ಜಿಯ ಮಾತಿನಲ್ಲಿ ನನ್ನ ಕಸುಬಿನ ಮುಕ್ಕಾಲು ಪಾಲು ಇದೆ ಅನ್ನಿಸಿತು. ಮರುದಿನ ಫ್ಲಡ್‌ಲೈಟ್ ಇಳಿಸಿ, ಚಪ್ಪರದ ಅಡ್ಡಗಳುವಿಗೆ 20 ವ್ಯಾಟಿನ ಮೂರು ಎಲ್‌ಇಡಿ ಟ್ಯೂಬುಗಳನ್ನು ಸುಲಿಯುವವರ ತಲೆಯ ಮೇಲೆ ಸಾಲಾಗಿ, ಏಳಡಿ ಎತ್ತರಕ್ಕೆ ಕಟ್ಟಿದೆ. ಒಟ್ಟು 60 ವ್ಯಾಟ್. ಉದ್ದನೆಯ ದೀಪಗಳು ಒಂದಕ್ಕಿಂತ ಹೆಚ್ಚು ಕಡೆಯಿಂದ ಬೆಳಗಿದಾಗ ನೆರಳು ಒಂದೇ ಕಡೆ ಗಟ್ಟಿಯಾಗಿ ನಿಲ್ಲುವುದಿಲ್ಲ, ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಕರೆಂಟು 40 ವ್ಯಾಟಿನಷ್ಟು ಉಳಿಯಿತು, ಅಡಿಕೆಯೂ ಕಂಡಿತು.

ಅಂಗಡಿಗೆ ಹೋದವರು ಈಗಲೂ ಕೇಳುವುದು “ಎಷ್ಟು ವ್ಯಾಟಿಂದು ಇದೆ?” ಅಂತಲೇ. ವ್ಯಾಟ್ ಅಂದರೆ ದೀಪ ತಿನ್ನುವ ಕರೆಂಟು. ಅದು ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಹಳೆಯ 60 ವ್ಯಾಟಿನ ಬುರುಡೆ ಬಲ್ಬು 700 ಲ್ಯೂಮೆನ್ ಆಸುಪಾಸು ಕೊಡುತ್ತಿತ್ತು, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತಿತ್ತು. ಇವತ್ತಿನ 9 ವ್ಯಾಟಿನ ಎಲ್‌ಇಡಿ 800ರಿಂದ 900 ಲ್ಯೂಮೆನ್ ಕೊಡುತ್ತದೆ. ದಿನಕ್ಕೆ ಆರು ತಾಸು ಉರಿದರೆ ಹಳೆಯದು ತಿಂಗಳಿಗೆ ಸುಮಾರು 11 ಯೂನಿಟ್, ಹೊಸದು ಎರಡಕ್ಕೂ ಕಡಿಮೆ. 2015ರ ಜನವರಿಯಲ್ಲಿ ಕೇಂದ್ರದ ಉಜಾಲಾ ಯೋಜನೆ, ಅದರ ಬೆನ್ನಿಗೆ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಬಂದ ಮೇಲೆ ಹಳ್ಳಿ ಹಳ್ಳಿಗೂ ಎಲ್‌ಇಡಿ ತಲುಪಿತು. ಆದರೆ ಒಂದೇ ವ್ಯಾಟಿನ ಎರಡು ಬಲ್ಬುಗಳಲ್ಲಿ ಒಂದು 700 ಲ್ಯೂಮೆನ್, ಇನ್ನೊಂದು 950 ಇರಬಹುದು. ಡಬ್ಬಿಯ ಮೇಲೆ ಲ್ಯೂಮೆನ್ನೇ ಬರೆಯದಿದ್ದರೆ ಆ ಬಲ್ಬನ್ನು ಬಿಟ್ಟುಬಿಡಿ.

ಈಗ ಗೃಹಜ್ಯೋತಿ ಇದೆಯಲ್ಲ, ಕರೆಂಟು ಉಳಿಸಿ ಏನಾಗಬೇಕು ಎನ್ನುವವರಿದ್ದಾರೆ. ಆ ಯೋಜನೆ ಎಲ್ಲರಿಗೂ 200 ಯೂನಿಟ್ ಕೊಡುವುದಿಲ್ಲ. 2022–23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಶೇಕಡಾ 10, ಬಳಕೆ ತೀರ ಕಡಿಮೆಯಿದ್ದವರಿಗೆ 10 ಯೂನಿಟ್, ಸೇರಿಸಿ ಮಿತಿ ಹಾಕಿದೆ. ದಾಟಿದ ಯೂನಿಟ್ಟಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಗೇಟಿನ ದೀಪ, ಕೊಟ್ಟಿಗೆ ದೀಪ ರಾತ್ರಿಯಿಡೀ ಉರಿಯುವ ಮನೆಗಳಲ್ಲಿ ಈ ಅಂಚು ದಾಟುವುದು ಸುಲಭ.

ನಮ್ಮ ಕಡೆಯ ಹೆಂಚಿನ ಮನೆಗಳ ವಿಷಯವೇ ಬೇರೆ. ಮಾಡು ಎತ್ತರ, ಮರವೆಲ್ಲ ಕಪ್ಪು. ಬಲ್ಬನ್ನು ಜಂತಿಗೆ ಅಂಟಿಸಿದರೆ ಮೇಲಕ್ಕೆ ಹೋದ ಬೆಳಕನ್ನು ಕಪ್ಪು ಮರ ನುಂಗುತ್ತದೆ, ಕೆಳಗೆ ಬರುವುದು ಬರುವ ದಾರಿಯಲ್ಲೇ ಚದುರುತ್ತದೆ. ಏಳಡಿ ಎತ್ತರದಲ್ಲಿದ್ದ ಬಲ್ಬನ್ನು ಹದಿನಾಲ್ಕಕ್ಕೆ ಏರಿಸಿದರೆ ಅದರ ನೇರ ಕೆಳಗೆ ನೆಲದ ಮೇಲೆ ಬೀಳುವ ಬೆಳಕು ಅರ್ಧವಾಗುವುದಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೆ ವ್ಯಾಟ್ ಹೆಚ್ಚಿಸುವುದು ತಪ್ಪು ಮದ್ದು. ವೈರ್ ಇಳಿಬಿಟ್ಟು ತೂಗುದೀಪ ಮಾಡಿ. ಹಿಂದೆ ಲಾಟೀನು ತೂಗುಹಾಕುತ್ತಿದ್ದ ಕೊಕ್ಕೆಗಳು ಎಷ್ಟೋ ಜಗಲಿಗಳಲ್ಲಿ ಈಗಲೂ ಇವೆ, ಬಹುಪಾಲು ಸರಿಯಾದ ಜಾಗದಲ್ಲೇ ಇವೆ. ನಾನು ಮೊದಲು ಹುಡುಕುವುದು ಅವನ್ನೇ.

ಅಡುಗೆಮನೆಯಲ್ಲಿ ದೀಪ ನಡುಮಧ್ಯ ಇರುತ್ತದೆ, ಕೆಲಸ ಗೋಡೆ ಬದಿಯ ಕಟ್ಟೆಯ ಮೇಲೆ. ತರಕಾರಿ ಹೆಚ್ಚುವವರ ಬೆನ್ನ ಹಿಂದೆ ಬೆಳಕು, ಚಾಕುವಿನ ಮೇಲೆ ಕತ್ತಲೆ. ಮೇಲಿನ ಕಪಾಟಿನ ಅಡಿಗೆ ಒಂದು ಪಟ್ಟಿ ದೀಪ, 8 ಅಥವಾ 10 ವ್ಯಾಟಿನದು, ಗೋಡೆಗಿಂತ ತಮ್ಮ ಕಡೆಗೆ ಹತ್ತಿರವಾಗಿ ಹಾಕಿದರೆ ಮುಗಿಯಿತು. ಮನೆಯಲ್ಲಿ ಹಿರಿಯರಿದ್ದರೆ ಬಚ್ಚಲಿಗೆ ಹೋಗುವ ದಾರಿ, ಹೊಸ್ತಿಲು, ಮೆಟ್ಟಿಲು ಇವುಗಳಿಗೆ ಎಲ್ಲಕ್ಕಿಂತ ಮೊದಲ ಗಮನ ಕೊಡಿ. ಅರವತ್ತು ದಾಟಿದವರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರ ಹುಡುಗರದ್ದಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲು ಮಾತ್ರ. “ಅಪ್ಪ ಸುಮ್ನೆ ಲೈಟ್ ಹಾಕ್ಕೊಂಡು ಕೂತಿರ್ತಾರೆ” ಎಂದು ದೂರುವ ಮಕ್ಕಳಿಗೆ ಇದನ್ನು ನಾನು ಕೂರಿಸಿಕೊಂಡು ಹೇಳುತ್ತೇನೆ.

ಬಣ್ಣದ ಆಯ್ಕೆಯಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಡಬ್ಬಿಯ ಮೇಲೆ 2700ಕೆ, 3000ಕೆ ಎಂದಿದ್ದರೆ ಹಳದಿ ಬೆಳಕು, 4000ಕೆ ನಡುವಿನದು, 6500ಕೆ ನೀಲಿ ಬೆರೆತ ಬಿಳಿ. ನಮ್ಮೂರ ಅಂಗಡಿಗಳಲ್ಲಿ ಕೇಳದೆ ಕೊಟ್ಟರೆ 6500 ಕೊಡುತ್ತಾರೆ. ಚಿರೇಕಲ್ಲಿನ ಗೋಡೆ, ಕೆಂಪು ಗಾರೆಯ ನೆಲ, ಹಲಸಿನ ಮರದ ಬಾಗಿಲು ಇರುವ ಮನೆಗೆ ಅದನ್ನು ಹಾಕಿದರೆ ಕೆಂಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದೇ ಗೋಡೆಯ ಬುಡದಲ್ಲಿ, ಗೋಡೆಗೆ ಅರ್ಧ ಅಡಿ ದೂರದಲ್ಲಿ 3000ಕೆಯ ಸಣ್ಣ 3 ವ್ಯಾಟಿನ ದೀಪವಿಟ್ಟು ಗೋಡೆಗುಂಟ ಮೇಲಕ್ಕೆ ಹಾಯಿಸಿ ನೋಡಿ. ಚಿರೇಕಲ್ಲಿನ ಒಂದೊಂದು ತೂತೂ ನೆರಳು ಹಿಡಿದು ಗೋಡೆಗೆ ಜೀವ ಬರುತ್ತದೆ. ಜಗಲಿ, ಮಲಗುವ ಕೋಣೆ, ದೇವರ ಕೋಣೆಗೆ ಹಳದಿ. ಅಡುಗೆಮನೆಗೆ, ಮಕ್ಕಳು ಓದುವಲ್ಲಿಗೆ 4000. 6500 ಬೇಕೇ ಬೇಕೆನ್ನುವ ಜಾಗ ಮನೆಯೊಳಗೆ ನನಗೆ ಕಂಡಿಲ್ಲ.

ಸಿಆರ್‌ಐ ಎಂಬ ಇನ್ನೊಂದು ಅಂಕಿಯೂ ಡಬ್ಬಿಯ ಮೇಲಿರುತ್ತದೆ. ವಸ್ತುವಿನ ನಿಜವಾದ ಬಣ್ಣವನ್ನು ಆ ಬೆಳಕು ಎಷ್ಟು ತೋರಿಸುತ್ತದೆ ಎನ್ನುವುದಕ್ಕೆ ನೂರಕ್ಕೆ ಕೊಟ್ಟ ಅಂಕ. 80 ಸಾಮಾನ್ಯ ಬಳಕೆಗೆ ಸಾಕು. ಆದರೆ ಸಂಜೆ ಮೇಲೆ ಒಣಗಿದ ಅಡಿಕೆಯನ್ನು ಚಾಲಿ, ಬಿಳಿಗೋಟು, ಕೋಕಾ ಎಂದು ದರ್ಜೆವಾರು ಬೇರೆ ಮಾಡುವವರು, ಸೀರೆ ಅಂಗಡಿಯವರು, ಹೊಲಿಗೆಯವರು 90ರ ದೀಪಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಿಳಿ ಎಲ್‌ಇಡಿ ಹುಟ್ಟಿನಲ್ಲಿ ನೀಲಿ ದೀಪ, ಅದರ ಮೇಲೆ ಹಳದಿ ಲೇಪ ಬಳಿದು ಬಿಳಿ ಮಾಡುತ್ತಾರೆ. ಆ ನೀಲಿ ದೀಪವನ್ನು ಸಾಧಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು. ಲೇಪ ಕಳಪೆಯಾದರೆ ಕೆಂಪು ಬಣ್ಣ ಮೊದಲು ಸೊರಗುತ್ತದೆ. ಅಗ್ಗದ ಬಲ್ಬಿನಡಿ ಮನುಷ್ಯರ ಮುಖ ಕಾಯಿಲೆಯವರಂತೆ ಕಾಣುವುದು ಇದರಿಂದಲೇ.

ಹೊರಗಿನ ದೀಪಗಳಲ್ಲಿ ಘಟ್ಟದ ಮೇಲಿನ ಶತ್ರು ಮಳೆ ಮತ್ತು ಸಿಡಿಲು, ಕೆಳಗಿನದು ಉಪ್ಪು. ಹೊರಗೆ ಹಾಕುವುದಕ್ಕೆ ಐಪಿ 65 ಇರಲೇಬೇಕು. 6 ಧೂಳಿಗೆ, 5 ನೀರು ಎರಚಿದರೂ ತಡೆಯುವುದಕ್ಕೆ. ಆದರೆ ಈ ಅಂಕಿ ಉಪ್ಪಿನ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಕಾರವಾರದ ಸಮುದ್ರದಂಡೆಯ ಮನೆಯೊಂದಕ್ಕೆ, ನನಗೆ ಅನುಭವವಿಲ್ಲದ ದಿನಗಳಲ್ಲಿ, ಐಪಿ 65 ನೋಡಿಯೇ ಗೇಟಿನ ದೀಪ ಹಾಕಿದ್ದೆ. ಒಂದು ಮಳೆಗಾಲ ಕಳೆಯುವುದರೊಳಗೆ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು, ಮುಚ್ಚಳ ಸಡಿಲಾಗಿ, ಒಳಗೆ ನೀರು ನಿಂತಿತ್ತು. ಕಂಬದ ತುದಿಯಲ್ಲಿ ನೀರು ತುಂಬಿದ ದೀಪ, ಗೇಟಿನ ಕಬ್ಬಿಣಕ್ಕೆ ತಾಗಿದ ವೈರು, ಪಕ್ಕದಲ್ಲಿ ಆಡುವ ಮಕ್ಕಳು. ಆ ಚಿತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವತ್ತಿನಿಂದ ದಂಡೆಯ ಮನೆಗಳಿಗೆ ಪ್ಲಾಸ್ಟಿಕ್ ಅಥವಾ ಪೌಡರ್ ಕೋಟ್ ಮಾಡಿದ ಅಲ್ಯುಮಿನಿಯಂ ದೀಪ, 316 ದರ್ಜೆಯ ಸ್ಟೀಲ್ ಸ್ಕ್ರೂ, ಹೊರಗಿನ ಲೈನಿಗೆ ಪ್ರತ್ಯೇಕವಾಗಿ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇವಿಲ್ಲದೆ ನಾನು ಕೆಲಸ ಒಪ್ಪಿಕೊಳ್ಳುವುದಿಲ್ಲ. ವೈರನ್ನು ದೀಪದೊಳಗೆ ಮೇಲಿನಿಂದ ತರಬೇಡಿ. ಕೆಳಗೆ ಒಂದು ಬಾಗು ಇಳಿಸಿ, ಅಲ್ಲಿಂದ ಮೇಲಕ್ಕೆತ್ತಿ ಒಳಬಿಡಿ. ವೈರಿನ ಮೇಲೆ ಹರಿದ ಮಳೆನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸ್ವಿಚ್ ಆರಿಸಿದರೂ ಬಲ್ಬು ಮಿಣಮಿಣ ಅನ್ನುತ್ತಿದೆ ಎಂದು ತುಂಬ ಫೋನ್ ಬರುತ್ತವೆ. ಬಲ್ಬು ಕೆಟ್ಟಿದೆಯೆಂದು ಬದಲಿಸಿ ಸುಮ್ಮನಾಗಬೇಡಿ. ಎಷ್ಟೋ ಸಲ ಸ್ವಿಚ್ಚಿಗೆ ಫೇಸ್ (ಕರೆಂಟು ಬರುವ ತಂತಿ) ಬದಲು ನ್ಯೂಟ್ರಲ್ (ವಾಪಸು ಹೋಗುವ ತಂತಿ) ಕೊಟ್ಟಿರುತ್ತಾರೆ. ಅಂದರೆ ಆರಿಸಿದಾಗಲೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ, ಬಲ್ಬು ಬಿಚ್ಚುವ ಕೈಗೆ ಅದು ಅಪಾಯ. ಅದೇ ದಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕರೆಂಟಿಲ್ಲದ ಹಳ್ಳಿಗಳು ನಮ್ಮಲ್ಲಿವೆ. ಅಲ್ಲಿ ಉಳಿತಾಯದ ಅರ್ಥ ಇನ್ವರ್ಟರಿನಲ್ಲಿ ಕಾಣುತ್ತದೆ. 150 ಎಎಚ್ ಬ್ಯಾಟರಿಯಲ್ಲಿ 60 ವ್ಯಾಟಿನ ಐದು ಹಳೆಯ ಬಲ್ಬು ಉರಿಸಿದರೆ ನಾಲ್ಕು ತಾಸು ಬಂದೀತು. 9 ವ್ಯಾಟಿನ ಐದು ಎಲ್‌ಇಡಿ ಹದಿನೆಂಟು ಇಪ್ಪತ್ತು ತಾಸು. ಸೋಲಾರ್ ದೀಪವನ್ನು ಮಾತ್ರ ಮಳೆಗಾಲಕ್ಕೆ ನಂಬಿಕೊಳ್ಳಬೇಡಿ. ಹಾಕುವುದಾದರೆ ಫಲಕ ಬೇರೆ, ದೀಪ ಬೇರೆ ಇರುವುದನ್ನು ಕೊಂಡು, ಫಲಕವನ್ನು ಅಡಿಕೆ ತೆಂಗಿನ ನೆರಳಿನಿಂದ ಹೊರಗೆ, ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿ ಆಸುಪಾಸು ವಾಲಿಸಿ ಇಡಿ.

ಇನ್ನೊಂದು ವಿಷಯವನ್ನು ದಂಡೆಯವರಿಗೆ ಕೈಮುಗಿದು ಹೇಳುತ್ತೇನೆ. ಹೊನ್ನಾವರದ ಕಾಸರಕೋಡ, ಕಾರವಾರದ ದೇವಬಾಗ, ಮಾಜಾಳಿಯ ಮರಳಿನಲ್ಲಿ ಚಳಿಗಾಲದ ಹೊತ್ತಿಗೆ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. 45ರಿಂದ 60 ದಿನಗಳಲ್ಲಿ ಮರಿಗಳು ರಾತ್ರಿ ಹೊರಬಂದು, ಎಲ್ಲಿ ಹೆಚ್ಚು ಬೆಳಕಿದೆಯೋ ಅದೇ ಕಡಲೆಂದು ತಿಳಿದು ಆ ಕಡೆ ಹೊರಡುತ್ತವೆ. ನಿಮ್ಮ ಗೇಟಿನ ಬಿಳಿ ಫ್ಲಡ್‌ಲೈಟ್ ಹೊತ್ತಿದ್ದರೆ ಅವು ರಸ್ತೆ ಕಡೆ ತೆವಳುತ್ತವೆ. ಅಚ್ಚ ಹಳದಿ‑ಕಿತ್ತಳೆಯ, 560 ನ್ಯಾನೋಮೀಟರಿಗಿಂತ ಉದ್ದ ಅಲೆಯ ದೀಪ ಅವುಗಳನ್ನು ಅಷ್ಟಾಗಿ ಸೆಳೆಯುವುದಿಲ್ಲ. ಮಳೆಗಾಲದ ಶುರುವಿನಲ್ಲಿ ರೆಕ್ಕೆ ಹುಳಗಳೂ ಇಂಥ ದೀಪಕ್ಕೆ ಕಡಿಮೆ ಮುತ್ತುತ್ತವೆ.

ಆ ಕಾರವಾರದ ಮನೆಗೆ ಎರಡನೇ ಸಲ ಹೋದಾಗ ಗೇಟಿನ ಮೇಲಿನ ದೀಪವನ್ನೇ ತೆಗೆದುಬಿಟ್ಟೆ. ಬದಲಿಗೆ ಕಾಲುದಾರಿಗುಂಟ ಮೊಣಕಾಲೆತ್ತರಕ್ಕೆ, ಮೇಲೆ ಮುಚ್ಚಳವಿದ್ದು ಬೆಳಕು ನೆಲಕ್ಕಷ್ಟೇ ಬೀಳುವಂಥ 3 ವ್ಯಾಟಿನ ನಾಲ್ಕು ಕಿತ್ತಳೆ ದೀಪ, ಮನೆಬಾಗಿಲಿಗೆ ಜನ ಬಂದಾಗ ಮಾತ್ರ ಹೊತ್ತುವ ಸೆನ್ಸರ್ ದೀಪ ಒಂದು. ಹಾಕಿ ಮುಗಿಸಿದ ರಾತ್ರಿ ಮನೆಯವರೆಲ್ಲ ಜಗಲಿಗೆ ಬಂದು ಕೂತರು. ಅಷ್ಟು ದಿನ ಗೇಟಿನ ಆ ಬೆಳಕಿನಾಚೆ ಬರೀ ಕತ್ತಲೆಯಾಗಿದ್ದಲ್ಲಿ ಈಗ ಅಲೆಯ ನೊರೆ ಕಾಣುತ್ತಿತ್ತು, ದೂರದಲ್ಲಿ ದೋಣಿಗಳ ದೀಪವೂ.